ನಿಂತ ಕಾರಿನ ಬ್ಯಾಟರಿ ಖಾಲಿ ಮಾಡುತ್ತಿದ್ದ ವೈರನ್ನು ಹಿಡಿದುಕೊಟ್ಟ ಕ್ಲ್ಯಾಂಪ್ ಮೀಟರ್: ಮೂರು ವರ್ಷದ ಬಳಕೆ

ವಾರವೆಲ್ಲ ನಾನು ಬೆಂಗಳೂರಿನಲ್ಲಿ, ಕಾರು ಮೈಸೂರಿನ ಮನೆಯಲ್ಲಿ. ಒಂದು ಶನಿವಾರ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಮುಂದಿನ ಶನಿವಾರವೂ ಅದೇ ಕಥೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿದ್ದ ದಿನ ಅದು. ಅವತ್ತೇ 3,500 ರೂಪಾಯಿಗೆ ಬ್ಯಾಟರಿಯ ಕರೆಂಟ್ (ಡಿಸಿ) ಅಳೆಯುವ ಈ ಪುಟ್ಟ ಕ್ಲ್ಯಾಂಪ್ ಮೀಟರ್ ತರಿಸಿದೆ.

ಮನೆಯಲ್ಲಿ ಮಲ್ಟಿಮೀಟರ್ ಇತ್ತು. ಆದರೆ ಅದರಲ್ಲಿ ಕರೆಂಟ್ ಅಳೆಯಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ನಡುವೆ ಮೀಟರ್ ಸೇರಿಸಬೇಕು. ಹಾಗೆ ಬಿಚ್ಚಿ ಸೇರಿಸಿದರೆ ಕಾರಿನೊಳಗೆ ಮಲಗಿದ್ದ ಪುಟ್ಟ ಕಂಪ್ಯೂಟರ್‌ಗಳೆಲ್ಲ ಎದ್ದು ಕೂರುತ್ತವೆ, ಅಂಕಿ ತಪ್ಪಾಗುತ್ತದೆ. ಮರೆತು ಯಾರಾದರೂ ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಕ್ಲ್ಯಾಂಪ್‌ನಲ್ಲಿ ಈ ತಾಪತ್ರಯ ಇಲ್ಲ. ವೈರಿನ ಸುತ್ತ ದವಡೆ ಹಾಕಿದರೆ ಆಯಿತು.

ಬಾನೆಟ್ ಎತ್ತಿ, ಬ್ಯಾಟರಿಯ ವೈರಿಗೆ ಕ್ಲ್ಯಾಂಪ್ ಹಾಕಿ, ಕಾರು ಲಾಕ್ ಮಾಡಿ, ಅರ್ಧ ಗಂಟೆ ಕಾದೆ. ಕಾಯಲೇಬೇಕು. ಲಾಕ್ ಮಾಡಿದ ತಕ್ಷಣ ಅಂಕಿ ಜಾಸ್ತಿಯೇ ಇರುತ್ತದೆ. ಕಾರು ನಿದ್ದೆಗೆ ಜಾರಿದ ಮೇಲೆ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕೆಳಗೆ ಬರಬೇಕು. ನನ್ನದು 310ಕ್ಕೆ ನಿಂತುಬಿಟ್ಟಿತು. ಅಂದರೆ ದಿನಕ್ಕೆ ಸುಮಾರು 7.4 ಆಂಪಿಯರ್ ಅವರ್. ನನ್ನ ಬ್ಯಾಟರಿ ಇರುವುದೇ 35. ಐದು ದಿನಕ್ಕೆ ಖಾಲಿ ಆಗದೆ ಇನ್ನೇನು, ಅಲ್ವಾ?

ಡೋರ್ ತೆರೆದಿದ್ದರೂ ಮುಚ್ಚಿದೆ ಅಂತ ಕಾರು ತಿಳಿಯಲಿ ಎಂದು ಮೊದಲೇ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿಟ್ಟಿದ್ದೆ. ಯಾವುದನ್ನು ಕಿತ್ತರೆ ಅಂಕಿ ಇಳಿಯುತ್ತದೆ ಎಂದು ನೋಡಲು ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತೆ. ಎಲ್ಲ ಕಿತ್ತರೂ ಇಳಿದದ್ದು ಇಪ್ಪತ್ತು ಮಿಲಿಆಂಪಿಯರ್ ಅಷ್ಟೇ. ಆಗ ನಿಜಕ್ಕೂ ಕೈಚೆಲ್ಲಿ ಕೂತೆ. ಆಮೇಲೆ ಹೊಳೆಯಿತು: ಫ್ಯೂಸ್ ಬಾಕ್ಸಿಗೆ ಹೋಗದ ವೈರ್ ಇರಬಹುದಲ್ಲ? ಬ್ಯಾಟರಿಯ ಪಾಸಿಟಿವ್‌ನಿಂದ ಹೊರಡುವ ಒಂದೊಂದೇ ವೈರಿಗೆ ಕ್ಲ್ಯಾಂಪ್ ಹಾಕುತ್ತಾ ಬಂದೆ. ಕೆಂಪು ವೈರ್ ಒಂದರಲ್ಲಿ 290! ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ, ಸ್ಟೀರಿಯೊ ಸದ್ದು ಹೆಚ್ಚಿಸುವ ಆಂಪ್ಲಿಫೈಯರಿನ ವೈರ್ ಅದು. ಸ್ಟೀರಿಯೊ ಆನ್ ಆದಾಗ ಮಾತ್ರ ಆಂಪ್ಲಿಫೈಯರನ್ನು ಎಬ್ಬಿಸಬೇಕಾದ ರಿಮೋಟ್ ವೈರನ್ನು ಸದಾ ಕರೆಂಟ್ ಇರುವ ವೈರಿಗೆ ಸೇರಿಸಿಬಿಟ್ಟಿದ್ದರು. ಬದಲಾಯಿಸಲು ಹತ್ತು ನಿಮಿಷ ಹಿಡಿಯಿತು. ಸುಮ್ನೆ ಒಂದು ಬ್ಯಾಟರಿಯ ದುಡ್ಡು ಹೋಯಿತು.

ಮೀಟರಿನ ಕೊರತೆಗಳನ್ನೂ ಹೇಳಬೇಕು. ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಅರ್ಧ ಗಂಟೆ ಕಾಯುವ ಕೆಲಸಕ್ಕೆ ಇದು ದೊಡ್ಡ ಕಿರಿಕಿರಿ. ಯಾವ ವೈರೂ ಹಿಡಿಯದಿದ್ದಾಗಲೂ ಅಂಕಿ ಸೊನ್ನೆಯಲ್ಲಿ ನಿಲ್ಲದೆ ಜಾರುತ್ತದೆ. ಕೈಯಲ್ಲಿ ತಿರುಗಿಸಿದರೂ ಭೂಮಿಯ ಕಾಂತಕ್ಕೆ ಅಂಕಿ ಬದಲಾಗುತ್ತದೆ. ಹಾಗಾಗಿ ವೈರಿನ ಪಕ್ಕದಲ್ಲೇ, ಅಳೆಯುವ ದಿಕ್ಕಿನಲ್ಲೇ ಹಿಡಿದು ಝೀರೋ ಬಟನ್ ಒತ್ತುತ್ತೇನೆ. ದವಡೆ ಚಿಕ್ಕದು, ಟೇಪ್ ಸುತ್ತಿದ ದಪ್ಪ ಕಟ್ಟುಗಳು ಒಳಗೆ ಹಿಡಿಯುವುದಿಲ್ಲ.

ಕೊಳ್ಳುವಾಗ ಡಿಸಿ ಕರೆಂಟ್ ಅಳೆಯುತ್ತದೆಯೇ ಅಂತ ನೋಡಿಯೇ ತೆಗೆದುಕೊಳ್ಳಿ. ಅಗ್ಗದ ಕ್ಲ್ಯಾಂಪ್‌ಗಳಲ್ಲಿ ಹಲವು ಮನೆಯ ಕರೆಂಟ್ (ಎಸಿ) ಮಾತ್ರ ಅಳೆಯುತ್ತವೆ, ಕಾರಿಗೆ ಪ್ರಯೋಜನಕ್ಕೆ ಬರಲ್ಲ. ಚಿಕ್ಕ ರೇಂಜ್‌ನಲ್ಲಿ 1 ಮಿಲಿಆಂಪಿಯರ್‌ವರೆಗೆ ತೋರಿಸುವಂಥದ್ದೇ ಬೇಕು. ನನ್ನ ಕಾರು ಈಗ 20ರಲ್ಲಿ ನಿಂತಿದೆ, ಆ ಹೊಸ ಬ್ಯಾಟರಿಯೇ ಇನ್ನೂ ಓಡುತ್ತಿದೆ.