ಕಾಗದದ ಕಾಂಟೂರ್ ಮ್ಯಾಪ್: ಶೂಗಿಂತ ಮೊದಲು ಇದನ್ನು ಕೊಳ್ಳಿ

ಬೆಟ್ಟದ ನ್ಯಾಷನಲ್ ಪಾರ್ಕಿನಲ್ಲಿ ನಾಲ್ಕೈದು ದಿನ ನಡೆಯೋಣ ಅಂತ ಹೊರಟವರು ಮೊದಲು ವಿಚಾರಿಸುವುದು ಶೂ, ಆಮೇಲೆ ಟೆಂಟು. ನಾನು ಮೊದಲು ತರಿಸುವುದು ಆ ಪಾರ್ಕಿನ ಮ್ಯಾಪು. ಫೋನಿನಲ್ಲಿರುವುದಲ್ಲ. ಬಿಚ್ಚಿ ಹರಡಿದರೆ ಅರ್ಧ ಮಂಚ ತುಂಬುವ ಕಾಗದದ್ದು. ಈ ಸಲದ ಟ್ರೆಕ್ಕಿಗೂ ಹಾಗೇ ಮಾಡಿದೆ. ಟ್ರೆಕ್ ಮುಗಿದಿದೆ, ಮ್ಯಾಪು ಇನ್ನೂ ಮೇಜಿನ ಮೇಲೇ ಇದೆ.

ಸ್ಕೇಲು 1:50,000. ಅಂದರೆ ಮ್ಯಾಪಿನಲ್ಲಿ 2 ಸೆಂಟಿಮೀಟರ್ ಇದ್ದರೆ ನೆಲದ ಮೇಲೆ 1 ಕಿಲೋಮೀಟರ್. ಪ್ರತಿ 20 ಮೀಟರ್ ಎತ್ತರಕ್ಕೆ ಒಂದು ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ. ಪ್ರತಿ ಐದನೇ ಗೆರೆ ದಪ್ಪ, 100 ಮೀಟರಿಗೊಂದು. ನೆನೆದರೂ ಹರಿಯದ, ಪ್ಲಾಸ್ಟಿಕ್ಕಿನಂಥ ಕಾಗದ.

ಇದರ ನಿಜವಾದ ಉಪಯೋಗ ಮನೆಯಲ್ಲೇ ಗೊತ್ತಾಗುತ್ತದೆ. ನಮ್ಮ ಕೈಗೆ ಬಂದ ಪ್ಲ್ಯಾನಿನಲ್ಲಿ ಎರಡನೇ ದಿನ 9 ಕಿ.ಮೀ., ಮೂರನೇ ದಿನ 14 ಕಿ.ಮೀ. ಅಂತಿತ್ತು. ಎರಡನೇ ದಿನ ಆರಾಮ ಅಂತ ಜೊತೆಯವರೆಲ್ಲ ಖುಷಿಯಾಗಿದ್ದರು. ನಾನು ಹೊಲಿಗೆ ನೂಲು ತಗೊಂಡೆ. ಸ್ವಲ್ಪ ಒದ್ದೆ ಮಾಡಿದರೆ ಅದು ಕಾಗದಕ್ಕೆ ಅಂಟಿಕೊಂಡು ನಿಲ್ಲುತ್ತದೆ. ದಾರಿಯ ಚುಕ್ಕಿಗೆರೆಯ ಮೇಲೆ ತಿರುವು ತಿರುವಿಗೂ ಅದನ್ನು ಬೆರಳಿನಿಂದ ಒತ್ತುತ್ತಾ ಹೋಗಬೇಕು. ಹೋಗ್ತಾ ಹೋಗ್ತಾ ಏರಿನಲ್ಲಿ ಎಷ್ಟು ದಪ್ಪ ಗೆರೆ ದಾಟಿದೆ ಅಂತ ಎಣಿಸಬೇಕು. ಎರಡನೇ ದಿನ ಒಂಬತ್ತು ಸಿಕ್ಕವು. ಅಂದರೆ ಸುಮಾರು 900 ಮೀಟರ್ ಏರು. ಮೂರನೇ ದಿನ ಬರೀ ಎರಡು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ 9 ಕಿ.ಮೀ. ದಿನಕ್ಕೆ 3 ಗಂಟೆ 18 ನಿಮಿಷ, 14 ಕಿ.ಮೀ. ದಿನಕ್ಕೆ 3 ಗಂಟೆ 8 ನಿಮಿಷ. ಚಿಕ್ಕ ದಿನ ಅಂದುಕೊಂಡಿದ್ದೇ ದೊಡ್ಡ ದಿನ! ಈ ಲೆಕ್ಕದಲ್ಲಿ ಊಟ, ವಿಶ್ರಾಂತಿ ಏನೂ ಸೇರಿಲ್ಲ. ಬೆನ್ನ ಮೇಲೆ ಟೆಂಟು, ದಿನಸಿ ಹೊತ್ತವರು ಇದರ ಒಂದೂವರೆಯಿಂದ ಎರಡು ಪಟ್ಟು ಇಟ್ಟುಕೊಳ್ಳುವುದು ವಾಸಿ. ಮ್ಯಾಪಿನಲ್ಲಿ ಸಣ್ಣ ಅಂಕುಡೊಂಕು ಎಲ್ಲ ಬರುವುದಿಲ್ಲ. ಹಾಗಾಗಿ ನೂಲನ್ನು ನೆಟ್ಟಗೆ ಮಾಡಿ ಅಳೆದಾಗ ಸಿಗುವ ದೂರ ಯಾವಾಗಲೂ ಸ್ವಲ್ಪ ಕಮ್ಮಿಯೇ.

ರಾತ್ರಿ ಎಲ್ಲಿ ಮಲಗಬೇಕು ಅನ್ನುವುದನ್ನೂ ಈ ಗೆರೆಗಳೇ ಹೇಳುತ್ತವೆ. ದೇಹ ಎತ್ತರಕ್ಕೆ ಒಗ್ಗಿಕೊಳ್ಳಬೇಕಾದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು ಅಂತ ಪರ್ವತ ವೈದ್ಯರು ಹೇಳುತ್ತಾರೆ. ನಮ್ಮ ಪ್ಲ್ಯಾನಿನ ಒಂದು ರಾತ್ರಿ ಈ ಮಿತಿ ಮೀರಿತ್ತು. ಕೆಳಗಿನ ಹುಲ್ಲುಗಾವಲಿನ ಕ್ಯಾಂಪಿಗೆ ಬದಲಾಯಿಸಿದ ಮೇಲೆಯೇ ಪರ್ಮಿಟ್ಟಿಗೆ ಅರ್ಜಿ ಹಾಕಿದ್ದು. ಪರ್ಮಿಟ್ಟಿನಲ್ಲಿ ಕ್ಯಾಂಪಿನ ಹೆಸರು, ತಾರೀಕು ಎಲ್ಲ ನಮೂದಾಗಿರುತ್ತದೆ. ಬೆಟ್ಟದ ಮೇಲೆ ನಿಂತು ಬದಲಾಯಿಸೋಣ ಅಂದರೆ ಆಗಲ್ಲ.

ಫೋನು ಬೇಡ ಅನ್ನುತ್ತಿಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ. ಮಂಜು ಕವಿದಾಗ ನಾವು ಎಲ್ಲಿದ್ದೇವೆ ಅಂತ ಥಟ್ಟನೆ ತೋರಿಸುವುದು ಅದೇ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅದೂ ಅಲ್ಲದೆ, ಅಂಗೈ ಅಗಲದ ಪರದೆಯಲ್ಲಿ ನಾಲ್ಕು ದಿನದ ದಾರಿಯನ್ನು ಒಟ್ಟಿಗೆ ನೋಡಲು ಸಾಧ್ಯವೇ ಇಲ್ಲ. ಕಾಗದದ ಸುತ್ತ ನಾವು ನಾಲ್ಕೂ ಜನ ಕೂತು, ಹವಾಮಾನ ಕೆಟ್ಟರೆ ಯಾವ ಕಣಿವೆಯಲ್ಲಿ ಇಳಿಯುವುದು ಅಂತ ಬೆರಳಿಟ್ಟು ಜಗಳ ಆಡಿದೆವು. ಆ ಜಗಳ ಮನೆಯಲ್ಲೇ ಮುಗಿದದ್ದು ಬಹಳ ಒಳ್ಳೆಯದಾಯಿತು.

ಕೊರತೆಗಳೂ ಇವೆ. ಮಡಿಕೆಗಳು ಕೂಡುವ ಜಾಗದಲ್ಲಿ ಬಣ್ಣ ಏಳಲು ಶುರುವಾಗಿದೆ. ಎತ್ತರದ ಅಂಕಿಗಳು ತೀರಾ ಸಣ್ಣ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಓದಲು ಕಷ್ಟ. ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದು ಕಾಲುಸೇತುವೆ. ಮ್ಯಾಪಿನಲ್ಲಿ ಸ್ಪಷ್ಟವಾಗಿದೆ, ಹೊಳೆಯ ಮೇಲೆ ಇಲ್ಲ. ಕೊಚ್ಚಿಕೊಂಡು ಹೋಗಿ ಬಹಳ ಕಾಲವಾಯಿತು ಅಂತ ಹೊರಡುವ ಹಿಂದಿನ ದಿನ ರೇಂಜರ್ ಹೇಳಿದ್ದರಿಂದ ಬಚಾವಾದೆವು. ಮೇಲಿನ ಹಿಮ ಕರಗಿ ಬರುವ ಹೊಳೆ ಅದು. ಮಧ್ಯಾಹ್ನ ಉಕ್ಕುತ್ತದೆ, ಬೆಳಗಿನ ಜಾವ ಇಳಿದಿರುತ್ತದೆ. ಅದಕ್ಕೇ ನಸುಕಿನಲ್ಲೇ ಎದ್ದು ಮೊಣಕಾಲುದ್ದದ ನೀರಿನಲ್ಲಿ ದಾಟಿದೆವು. ಹೊಸದಾಗಿ ಅಚ್ಚು ಹಾಕುವಾಗ ಇಂಥದ್ದನ್ನು ಸರಿಪಡಿಸದಿದ್ದರೆ ಹೇಗೆ? ಜೀವದ ಪ್ರಶ್ನೆ ಅಲ್ವಾ ಇದು?

ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಗುರುತು ಹಾಕಲು ಪೆನ್ಸಿಲ್ ಇಟ್ಟುಕೊಳ್ಳಿ, ಈ ಕಾಗದದ ಮೇಲೆ ಜೆಲ್ ಪೆನ್ ಹರಡುತ್ತದೆ. ಕೊಳ್ಳುವ ಮುಂಚೆ ಮೂಲೆಯಲ್ಲಿರುವ ಮುದ್ರಣದ ವರ್ಷ ನೋಡಿ. ದಿಕ್ಸೂಚಿಯ ಉತ್ತರಕ್ಕೂ ಮ್ಯಾಪಿನ ಉತ್ತರಕ್ಕೂ ಇರುವ ವ್ಯತ್ಯಾಸ ವರ್ಷ ಕಳೆದಂತೆ ಬದಲಾಗುತ್ತದೆ, ಹಳೇ ಪ್ರತಿಯಲ್ಲಿ ಆ ಅಂಕಿಯೂ ಹಳೆಯದೇ. ಮತ್ತೆ, ತುರ್ತಿಗೆ ಇಳಿಯುವ ಕಣಿವೆ ಅದೇ ಹಾಳೆಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ. ನಮ್ಮದು ಪಕ್ಕದ ಹಾಳೆಗೆ ಹೋಗಿತ್ತು, ಎರಡನ್ನೂ ಕೊಂಡೆವು.