ಸಣ್ಣ ಪೋಕರ್ ಟೂರ್ನಮೆಂಟ್ ಆಡಿ ಗಂಟು ಬೆಳೆಸ್ತೀನಿ ಅನ್ನೋರು ಮೊದಲು ಇದನ್ನು ಓದಿ

ಐದು ಸಾವಿರ ಹಾಕಿ, ಸಣ್ಣ ಟೂರ್ನಮೆಂಟ್‌ಗಳನ್ನೇ ಆಡಿ, ಅದನ್ನು ಐವತ್ತು ಸಾವಿರ ಮಾಡೋದು ಹೇಗೆ? ಪೋಕರ್ ಆಡುವ ಹುಡುಗರು ಈಗಲೂ ಕೇಳುವ ಪ್ರಶ್ನೆ ಇದು. ಅದಕ್ಕೆ ತಂತ್ರ ಇದೆ, ಸುಳ್ಳಲ್ಲ. ಆದರೆ ಇವತ್ತು ನಮ್ಮ ದೇಶದಲ್ಲಿ ಕೂತು ಆ ತಂತ್ರ ಹಿಡಿದು ಹೊರಟರೆ ದುಡ್ಡು ಹೋಗೋದು ಇಸ್ಪೀಟ್ ಎಲೆಯಿಂದಲ್ಲ. ನನ್ನ ಸಂಬಳದ ಖಾತೆ ಫ್ರೀಜ್ ಆಗಿದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ತಂತ್ರದ ಮಾತು. 110 ರೂಪಾಯಿಯ ಟೂರ್ನಮೆಂಟ್ ಅಂದರೆ ಸಾಮಾನ್ಯವಾಗಿ 100 ಬಹುಮಾನಕ್ಕೆ, 10 ಆಟ ನಡೆಸುವವರಿಗೆ. ಆ ಹತ್ತೇ ರೇಕ್. ಬಹುಮಾನ ಸಿಗುವುದು ನೂರಕ್ಕೆ ಹನ್ನೆರಡೋ ಹದಿನೈದೋ ಜನಕ್ಕೆ. ಅದರಲ್ಲೂ ಕೊನೆಯವರಿಗೆ ಸಿಗೋದು ಹಾಕಿದ ದುಡ್ಡಿನ ಒಂದೂವರೆ, ಎರಡು ಪಟ್ಟು ಅಷ್ಟೇ. ನಿಜವಾದ ದುಡ್ಡೆಲ್ಲ ಮೊದಲ ಮೂರು ಸ್ಥಾನದಲ್ಲಿ ಇರುತ್ತದೆ. ಹಾಗಾಗಿ ಚೆನ್ನಾಗಿ ಆಡುವವರೂ ಆರರಲ್ಲಿ ಐದು ಸಲ ಬರಿಗೈಯಲ್ಲಿ ಏಳುತ್ತಾರೆ. ಸತತ 20 ಟೂರ್ನಮೆಂಟ್ ಏನೂ ಸಿಗಲಿಲ್ಲ ಅಂದರೆ ಗ್ರಹಚಾರ ಅಂದುಕೊಳ್ಳಬೇಡಿ, ಅದು ಮಾಮೂಲು. ಇದಕ್ಕೇ ಕಡಿಮೆ ಅಂದರೂ ನೂರು ಬೈಇನ್, ಅಂದರೆ ನೂರು ಆಟದ ಪ್ರವೇಶ ಶುಲ್ಕ, ಕೈಲಿರಬೇಕು ಅನ್ನುವುದು. 5,500 ಇದ್ದರೆ 55 ರೂಪಾಯಿಯ ಆಟ, ಅದಕ್ಕಿಂತ ಮೇಲೆ ಬೇಡ. ಗಂಟು ಕರಗಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಸಣ್ಣ ಆಟಗಳಲ್ಲಿ ಬ್ಲಫ್ ಮಾಡೋದು ದಂಡ. ಅಲ್ಲಿ ಯಾರೂ ಎಲೆ ಬಿಡುವುದೇ ಇಲ್ಲ. ಒಳ್ಳೆ ಎಲೆ ಬಂದಾಗ ದೊಡ್ಡದಾಗಿ ಕಟ್ಟಿ, ಬರದಿದ್ದಾಗ ಸುಮ್ನೆ ಕೂತಿರಿ. ಎಲೆ ನೋಡುವ ಮೊದಲೇ ಸರದಿ ಪ್ರಕಾರ ಕಡ್ಡಾಯವಾಗಿ ಕಟ್ಟುವ ಮೊತ್ತವೇ ಬ್ಲೈಂಡ್; ಚಿಪ್ಸ್ ಹತ್ತು ಬ್ಲೈಂಡ್‌ಗೆ ಇಳಿದರೆ ಇರುವುದನ್ನೆಲ್ಲ ಕಟ್ಟುವ ಆಲ್‌ಇನ್, ಇಲ್ಲವೇ ಎಲೆ ಬಿಡುವ ಫೋಲ್ಡ್, ನಡುವೆ ಇನ್ನೇನೂ ಬೇಡ. ಟರ್ಬೊ ಆಟ ಬಿಟ್ಟು ನಿಧಾನಕ್ಕೆ ಬ್ಲೈಂಡ್ ಏರುವ, ನೂರು ನೂರೈವತ್ತು ಜನರ ಆಟ ಹುಡುಕಿ. ಸಾವಿರಾರು ಜನ ಇರುವ ಕಡೆ ಮೊದಲ ಬಹುಮಾನ ನೋಡಿದರೆ ಬಾಯಲ್ಲಿ ನೀರೂರುತ್ತದೆ, ಆದರೆ ಅಲ್ಲಿ ಗಂಟು ಬೆಳೆಯೋದಕ್ಕಿಂತ ಕರಗೋದೇ ಜಾಸ್ತಿ. ಇದಿಷ್ಟೂ ಕೆಲಸ ಮಾಡುತ್ತದೆ. ನನಗೂ ಮಾಡಿತು.

ಈ ಶಿಸ್ತಿಗೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಪೋಕರ್ ಆಟಗಾರ ಕ್ರಿಸ್ ಫರ್ಗುಸನ್. 2006ರಲ್ಲಿ ಸೊನ್ನೆಯಿಂದ ಶುರು ಮಾಡಿ ಹತ್ತು ಸಾವಿರ ಡಾಲರ್ ಮಾಡಿದರು. ಒಂದು ದೊಡ್ಡ ಟೂರ್ನಮೆಂಟಿಗೆ ಗಂಟಿನ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಹಾಕಲ್ಲ ಅನ್ನುವುದು ಅವರ ನಿಯಮ. ಕತೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅವರು ಆಡಿದ್ದು ಫುಲ್ ಟಿಲ್ಟ್ ಅನ್ನುವ ಸೈಟ್‌ನಲ್ಲಿ, ಅವರೂ ಅದರ ನಿರ್ದೇಶಕರಲ್ಲಿ ಒಬ್ಬರು. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಆ ಸೈಟಿನ ಮೇಲೆ ಮುಗಿಬಿತ್ತು. ಆಮೇಲೆ ನೋಡಿದರೆ ಆಟಗಾರರಿಗೆ ವಾಪಸ್ ಕೊಡುವಷ್ಟು ದುಡ್ಡೇ ಅಲ್ಲಿರಲಿಲ್ಲ. ಮರುವರ್ಷ ಪೋಕರ್‌ಸ್ಟಾರ್ಸ್ ಅನ್ನುವ ಇನ್ನೊಂದು ಪೋಕರ್ ಸೈಟ್ ಅದನ್ನು ಕೊಂಡುಕೊಂಡ ಮೇಲೇ ದುಡ್ಡು ಬಿಡುಗಡೆಯಾಗುವ ದಾರಿ ತೆರೆದದ್ದು. ನೂರಕ್ಕೆ ಎರಡರ ನಿಯಮ ಅಕ್ಷರಶಃ ಪಾಲಿಸಿದವನ ದುಡ್ಡೂ ಅಲ್ಲೇ ಸಿಕ್ಕಿಕೊಂಡಿತ್ತು, ಅಲ್ವಾ?

ನಮ್ಮಲ್ಲಿ ಈ ಲೆಕ್ಕ ಕೆಡಲು ಶುರುವಾಗಿದ್ದು 2023ರಲ್ಲಿ. ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್. ಅಕ್ಟೋಬರ್ 1ರಿಂದ ಹಾಕುವ ದುಡ್ಡಿನ ಮೇಲೇ 28 ಪರ್ಸೆಂಟ್ ಜಿಎಸ್‌ಟಿ. ಅಂದರೆ ನೂರು ರೂಪಾಯಿ ಹಾಕಿದರೆ ಸುಮಾರು 22 ರೂಪಾಯಿ ತೆರಿಗೆ. ಕಂಪನಿಗಳು ಬೋನಸ್ ಕೊಟ್ಟು ಸ್ವಲ್ಪ ದಿನ ಅದನ್ನು ಮುಚ್ಚಿಟ್ಟವು. ಸಣ್ಣ ಆಟದಲ್ಲಿ ಕಷ್ಟಪಟ್ಟು ಗಳಿಸುವ ಲಾಭವೇ ಹಾಕಿದ್ದರ ಹತ್ತಿಪ್ಪತ್ತು ಪರ್ಸೆಂಟ್. ಉಳಿಯೋದೇನು? 2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಎಲ್ಲವೂ ನಿಷೇಧ. ದೇಶದ ದೊಡ್ಡ ಆ್ಯಪ್‌ಗಳು ದುಡ್ಡಿನ ಟೇಬಲ್ ಮುಚ್ಚಿದವು.

ಆಗ ಬಂದವರು ಆ್ಯಪ್‌ನೊಳಗೆ ಖಾಸಗಿಯಾಗಿ ಆಟ ನಡೆಸುವ ಈ ಕ್ಲಬ್‌ನವರು. ಆ್ಯಪ್‌ನಲ್ಲಿ ನೋಡಿದರೆ ಬರೀ ಆಟದ ಚಿಪ್ಸ್. ಅಸಲಿ ದುಡ್ಡಿನ ವ್ಯವಹಾರ ಎಲ್ಲ ಏಜೆಂಟ್ ಜೊತೆ ವಾಟ್ಸ್ಆ್ಯಪ್‌ನಲ್ಲಿ. ಜಿಎಸ್‌ಟಿ ಇಲ್ಲ, ಟಿಡಿಎಸ್ ಇಲ್ಲ, ರೇಕ್‌ನಲ್ಲಿ ಮೂರನೇ ಒಂದು ಪಾಲು ವಾಪಸ್. ಆಸೆ ಹುಟ್ಟಿಸುವ ಲೆಕ್ಕವೇ. ದುಡ್ಡು ಹಾಕಲು ಪ್ರತಿ ಸಲ ಹೊಸ ಕ್ಯೂಆರ್ ಕೋಡ್ ಬರುತ್ತಿತ್ತು. ಒಮ್ಮೆ ತರಕಾರಿ ಅಂಗಡಿಯ ಹೆಸರು, ಒಮ್ಮೆ ಟ್ರಾವೆಲ್ಸ್, ಒಮ್ಮೆ ಯಾರೋ ಹೆಂಗಸಿನ ಹೆಸರು. ಯಾಕೆ ಅಂತ ಕೇಳಿದರೆ, 'ಲಿಮಿಟ್ ಪ್ರಾಬ್ಲಂ ಬ್ರೋ, ತಲೆ ಕೆಡಿಸ್ಕೋಬೇಡಿ.'

ಟೇಬಲ್ ಮೇಲೂ ವಾಸನೆ ಬರುತ್ತಿತ್ತು. ಒಂದು ಕೈ ಹೇಳುತ್ತೇನೆ. ನಾಲ್ಕು ಜನ ಉಳಿದಿದ್ದೆವು, ಮೂವರಿಗೆ ಬಹುಮಾನ. ಒಬ್ಬನ ಹತ್ತಿರ ಉಳಿದಿದ್ದು ಎರಡೇ ಬ್ಲೈಂಡ್, ಅಷ್ಟನ್ನೂ ಆಲ್‌ಇನ್ ಹಾಕಿದ. ನಾನು ಫೋಲ್ಡ್, ಅರ್ಧ ಬ್ಲೈಂಡ್ ಕಟ್ಟಿದ್ದ ಸ್ಮಾಲ್ ಬ್ಲೈಂಡ್‌ನವನೂ ಫೋಲ್ಡ್. ಆಗಲೇ ಒಂದು ಬ್ಲೈಂಡ್ ಕಟ್ಟಿ ಬಿಗ್ ಬ್ಲೈಂಡ್‌ನಲ್ಲಿದ್ದವನ ಹತ್ತಿರ ಚಿಪ್ಸ್ ರಾಶಿ ಬಿದ್ದಿತ್ತು. ಇನ್ನೊಂದೇ ಬ್ಲೈಂಡ್ ಕೊಟ್ಟರೆ ಮೂರೂವರೆ ಬ್ಲೈಂಡ್ ಗೆಲ್ಲುವ ಅವಕಾಶ. ಕಣ್ಣು ಮುಚ್ಚಿ ಯಾವ ಎರಡು ಎಲೆಗಾದರೂ ಕಾಲ್ ಮಾಡಬೇಕು, ಅಂದರೆ ಅಷ್ಟು ಕಟ್ಟಿ ಆಟದಲ್ಲಿ ಉಳಿಯಬೇಕು. ಅವನು ಎಲೆ ಬಿಟ್ಟ. ಮುಂದಿನ ಸುತ್ತಿನಲ್ಲೂ ಅದೇ ಇಬ್ಬರು, ಅದೇ ಆಟ. ಇಬ್ಬರೂ ಒಳಗೊಳಗೇ ಸೇರಿ ಆಡುತ್ತಿದ್ದಾರೆ ಅನ್ನೋ ಅನುಮಾನ. ಇದನ್ನು ದೂರೋದು ಯಾರಿಗೆ? ಲೈಸೆನ್ಸ್ ಇರುವ ಸೈಟಾದರೆ ಕೈಗಳ ದಾಖಲೆ ತೆಗೆದು ತನಿಖೆ ಮಾಡಿ ಅಂತ ಕೇಳಬಹುದು. ಇಲ್ಲಿ ಏಜೆಂಟೇ ಪೊಲೀಸ್, ಏಜೆಂಟೇ ನ್ಯಾಯಾಧೀಶ.

ಇಷ್ಟಾದರೂ ಗಂಟು ಬೆಳೆಯಿತು. ಸಣ್ಣ ಮೊತ್ತ ಕೇಳಿದಾಗ ಹತ್ತು ನಿಮಿಷದಲ್ಲಿ ಬರುತ್ತಿತ್ತು. ದೊಡ್ಡದು ಕೇಳಿದ ಮೇಲೆ 'ಸಂಜೆ ಹಾಕ್ತೀನಿ', 'ನಾಳೆ ಪಕ್ಕಾ' ಶುರುವಾಯಿತು. ಕೊನೆಗೆ ಒಂದು ಪಾಲು ಬಂತು, ಗೊತ್ತೇ ಇಲ್ಲದ ಯಾರದೋ ಖಾತೆಯಿಂದ. ಅದೇ ವಾರ ಬಾಡಿಗೆ ಕಳಿಸಲು ಹೋದರೆ ಯುಪಿಐ ಓಡಲಿಲ್ಲ. ಬ್ಯಾಂಕಿಗೆ ಹೋದೆ. 'ಸರ್, ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಬಂದಿದೆ. ನಮ್ಮ ಕೈಯಲ್ಲಿ ಏನೂ ಇಲ್ಲ' ಅಂದರು ಕೌಂಟರಿನ ಮೇಡಂ.

ಇದು ನಡೆಯೋದು ಹೀಗೆ. ಎಲ್ಲೋ ಯಾರೋ ಆನ್‌ಲೈನ್ ಮೋಸಕ್ಕೆ ಸಿಕ್ಕಿ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡುತ್ತಾರೆ. ಅವರ ದುಡ್ಡು ಯಾವ ಯಾವ ಖಾತೆ ದಾಟಿತೋ ಅಲ್ಲೆಲ್ಲ ತಡೆ ಬೀಳುತ್ತದೆ. ಕ್ಲಬ್‌ನವರು ಗೆದ್ದವರಿಗೆ ಕೊಡಲು ಬಳಸೋದು ಬೇರೆಯವರಿಂದ ಬಾಡಿಗೆಗೆ ಪಡೆದ ಇಂಥ ಖಾತೆಗಳನ್ನೇ. ನಿಮಗೆ ಬಂದದ್ದು ಟೂರ್ನಮೆಂಟ್ ಗೆಲುವು ಅಂತ ನಿಮಗೆ ಗೊತ್ತು. ದಾಖಲೆಯಲ್ಲಿ ಅದು ಕಳ್ಳತನದ ದುಡ್ಡು. ತಡೆ ಹಾಕುವುದು ಬಂದ ಮೊತ್ತಕ್ಕೆ ಮಾತ್ರ ಅಂತಲೂ ಇಲ್ಲ, ಕೆಲವು ಸಲ ಇಡೀ ಖಾತೆಗೇ ಬೀಳುತ್ತದೆ. ನನ್ನದು ಹಾಗೇ ಆಯಿತು. ತಿಂಗಳ ಸಂಬಳ ಒಳಗೆ ಬಂತು, ಹೊರಗೆ ಬರಲಿಲ್ಲ.

ಈ ಸ್ಥಿತಿ ಬಂದರೆ ಮೊದಲು ಬ್ಯಾಂಕಿನಿಂದ ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ತನಿಖಾಧಿಕಾರಿಗೆ ಮೇಲ್ ಮಾಡಿ, ವಿವಾದದ ಮೊತ್ತವನ್ನಷ್ಟೇ ತಡೆದು ಉಳಿದದ್ದು ಬಿಡಿ ಅಂತ ಕೇಳಿ. ಒಬ್ಬ ವಕೀಲರನ್ನೂ ನೋಡಿ. ಏಜೆಂಟ್ ಜೊತೆಗಿನ ಚಾಟ್, ಕ್ಯೂಆರ್, ಹಣ ವರ್ಗಾವಣೆಯ ಯುಟಿಆರ್ ನಂಬರ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಆಡಿದವರಿಗೆ ಹೊಸ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳೋದೇ ಮೇಲು. ಗೆಳೆಯರನ್ನು ಸೇರಿಸಿ ಕಮಿಷನ್ ತಗೊಂಡಿದ್ದರೆ ಮಾತ್ರ ವಿಷಯ ಬೇರೆ. ಆಟ ನಡೆಸುವವರಿಗೆ ಕೈ ಜೋಡಿಸುವುದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಇದೆ.

ಈಗಲೂ ನಿಮ್ಮ ಗಂಟು ಇಂಥ ಕ್ಲಬ್‌ನಲ್ಲಿ ಇದ್ದರೆ, ಏಜೆಂಟ್ ಬೇರೆಯವರ ಖಾತೆಯಿಂದ ಹಾಕ್ತೀನಿ ಅಂದರೆ ಬೇಡ ಅನ್ನಿ. ನನ್ನ ಉಳಿದ ಪಾಲು ಇನ್ನೂ ಅಲ್ಲೇ ಇದೆ, ಕೇಳುವುದನ್ನೇ ಬಿಟ್ಟಿದ್ದೇನೆ. ಅಷ್ಟು ಹೋದರೆ ಹೋಯಿತು. ಅದು ಕೈಗೆ ಬಂದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.