ಟಾಕೀಸ್ ಕುರ್ಚಿಯ ಬೀಡಿನ ಪಕ್ಕ: ಗುಜರಿಯದ್ದೋ, ಇಡೀ ಸಾಲೋ, ಹೊಸ ಎರಕವೋ?

ಜಗಲಿಗೆ ಹಳೇ ಟಾಕೀಸಿನ ಕುರ್ಚಿ ಹಾಕಬೇಕು ಅನ್ನುವ ಹುಚ್ಚು ಹತ್ತಿ ಎರಡು ವರ್ಷ ಆಯಿತು. ಮೂರು ದಾರಿ ನೋಡಿದೆ. ಮೂರಕ್ಕೂ ದುಡ್ಡು ಸುರಿದಿದ್ದೇನೆ.

ಮೊದಲು ಗುಜರಿ. ಮೈಸೂರಿನ ಮಂಡಿ ಮೊಹಲ್ಲಾದ ಅಂಗಡಿಯೊಂದರಲ್ಲಿ, ಹಳೇ ಮೋಟಾರು, ಒಡೆದ ಹಂಡೆಗಳ ಅಡಿಯಲ್ಲಿ ಬೀಡಿನ, ಅಂದರೆ ಎರಕದ ಕಬ್ಬಿಣದ, ಆರು ಪಕ್ಕ (ಸೀಟನ್ನು ಎರಡು ಬದಿಯಿಂದ ಹೊರುವ ಚೌಕಟ್ಟು) ಸಿಕ್ಕವು. ಬಳ್ಳಿ ಹೂವಿನ ಚಿತ್ತಾರ, ಮೇಲೆ ಮೂರು ಪದರ ಬಣ್ಣ. ಒಂದೊಂದೂ ಏಳು ಕೆಜಿ ಮೇಲೆ. ಚಿತ್ತಾರ ನೋಡಿ ಮರುಳಾಗಿ ಆಟೋಗೆ ತುಂಬಿಬಿಟ್ಟೆ. ನೋಡಬೇಕಿದ್ದದ್ದು ಕಿವಿಗಳನ್ನು, ಅಂದರೆ ಸೀಟಿನ ಹಲಗೆ ಸಿಕ್ಕಿಸುವ ಗುಬುಟುಗಳನ್ನು. ಸಾಲಿನ ನಡುವಿನ ಪಕ್ಕಕ್ಕೆ ಎರಡೂ ಕಡೆ ಕಿವಿ ಇರುತ್ತದೆ, ತುದಿಯದಕ್ಕೆ ಒಂದೇ ಕಡೆ. ನನ್ನ ಆರರಲ್ಲಿ ನಾಲ್ಕು ಎಡತುದಿಯವು! ಬಲತುದಿ ಒಂದೂ ಇಲ್ಲ. ಉಳಿದ ಎರಡು ನಡುವಿನವು, ಅವುಗಳ ತೂತಿನ ಅಳತೆ ಒಂದಕ್ಕೊಂದು ಕೂಡುವುದಿಲ್ಲ.

ಅದರಲ್ಲೂ ಒಂದು ಬಿರುಕು ಬಿಟ್ಟಿತ್ತು, ಬಣ್ಣದಡಿ ಕಂಡಿರಲಿಲ್ಲ. ಮೇಲೆತ್ತಿ ಹಿಡಿದು ಸ್ಪ್ಯಾನರ್‌ನಿಂದ ತಟ್ಟಿದರೆ ಒಳ್ಳೇ ಬೀಡು ಗಂಟೆಯ ಹಾಗೆ ಗುಂಯ್ ಅನ್ನುತ್ತದೆ, ಬಿರುಕಿದ್ದರೆ ಮಡಕೆ ಹಾಗೆ ಠಪ್ ಅನ್ನುತ್ತದೆ. ಇದನ್ನು ಅಂಗಡಿಯಲ್ಲೇ ಮಾಡಬೇಕಿತ್ತು, ಅಲ್ವಾ? ವೆಲ್ಡಿಂಗ್‌ಗೆ ಕೊಟ್ಟೆ. ಮಾಮೂಲಿ ರಾಡ್ ಹಾಕಿದರು. ಆರುತ್ತಾ ಬಂದ ಹಾಗೆ ಟಿಕ್ ಅಂತ ಸದ್ದು, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಬೀಡಿನಲ್ಲಿ ಇಂಗಾಲ ಜಾಸ್ತಿ, ಹಾಗಾಗಿ ಅದು ಬಾಗುವುದಿಲ್ಲ, ಒಡೆಯುತ್ತದೆ. ನಿಕ್ಕಲ್ ರಾಡ್ ಬೇಕು, ಮೊದಲೇ ಬಿಸಿ ಮಾಡಬೇಕು, ಆಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ನನಗೆ ಕೊನೆಗೆ ಕೈಹಿಡಿದದ್ದು ಹಿತ್ತಾಳೆ ಬೆಸುಗೆ.

ಹೊಸ ಎರಕದ ಕಥೆ ಚಿಕ್ಕದು. ಬಲತುದಿ ಬೇಕಲ್ಲ ಅಂತ, ಎರಡು ಕಿವಿಯ ಪಕ್ಕವನ್ನೇ ಅಚ್ಚಿಗೆ ಕೊಟ್ಟು ಫೌಂಡ್ರಿಯಲ್ಲಿ ಒಂದು ಎರಕ ಹೊಯ್ಯಿಸಿದೆ. ಬೀಡು ಆರುವಾಗ ಪ್ರತಿ ಅಡಿ ಉದ್ದಕ್ಕೆ ಸುಮಾರು 1/8 ಇಂಚು ಕುಗ್ಗುತ್ತದೆ. ಎರಡಡಿ ಎತ್ತರದ ಪಕ್ಕ ಕಾಲಿಂಚು ಗಿಡ್ಡವಾಗಿ ಬಂತು, ತೂತುಗಳೂ ಜಾರಿದವು, ಹೂವಿನ ಎಸಳು ಮಬ್ಬಾಗಿತ್ತು. ಎಲ್ಲವನ್ನೂ ಹೊಸದಾಗಿ ಹೊಯ್ಯಿಸಿದರೆ ಸರಿ, ಹಳೆಯದಕ್ಕೆ ಜೋಡಿ ಮಾಡಲು ಬೇಡ.

ಇಡೀ ಸಾಲು ಸಿಕ್ಕಿದ್ದು ಮಂಡ್ಯ ಕಡೆ, ಮುಚ್ಚಿದ ಟಾಕೀಸೊಂದನ್ನು ಕೆಡವುವಾಗ. ನಾಲ್ಕು ಸೀಟು, ಐದು ಪಕ್ಕ, ಹಲಗೆ, ಬೋಲ್ಟು, ನಂಬರಿನ ತಗಡು ಸಮೇತ. ಗುಜರಿಗಿಂತ ದುಬಾರಿ. ಆದರೂ ನನ್ನ ಓಟು ಇದಕ್ಕೇ. ತೊಂದರೆ ಇಲ್ಲವೆಂದಲ್ಲ. ತುಕ್ಕು ಹಿಡಿದ ಬೋಲ್ಟುಗಳನ್ನು ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಸಿದೆ. ಬೋಲ್ಟಿನ ಮರೆ (ತಿರುಪಿನ ಗೆರೆ) ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯದು, ಈಗಿನ ಮೆಟ್ರಿಕ್ ನಟ್ ಕೂರುವುದಿಲ್ಲ, ಆದ್ದರಿಂದ ಒಂದು ನಟ್ಟನ್ನೂ ಎಸೆಯಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ.

ತಮಾಷೆ ಎಂದರೆ ಕಾಲಿನ ಅಡಿ. ಟಾಕೀಸಿನ ನೆಲ ಪರದೆ ಕಡೆಗೆ ಇಳಿಜಾರು, ಕಾಲಿನ ಅಡಿಯನ್ನೂ ಅದೇ ಓರೆಗೆ ಎರಕ ಹೊಯ್ದಿರುತ್ತಾರೆ. ನಮ್ಮ ಸಮನೆಲದ ಮೇಲೆ ಇಟ್ಟರೆ ಕೂತವರು ಸೂರು ನೋಡುವ ಹಾಗೆ ಹಿಂದಕ್ಕೆ ವಾಲಿತು. ಹಿಂದಿನ ಕಾಲಡಿಗೆ ಮರದ ಬೆಣೆ ಕೊಟ್ಟೆ. ರೆಡ್ ಆಕ್ಸೈಡ್ ನೆಲ ಕೊರೆಯಲು ಮನಸ್ಸಾಗದೆ, ಎರಡು ದಪ್ಪ ಹಲಸಿನ ಹಲಗೆಗೆ ಬೋಲ್ಟ್ ಹಾಕಿದೆ.

ಅಮ್ಮ ಬಂದು ಮೊದಲು ಕೇಳಿದ್ದು, "ತಿಗಣೆ ಇಲ್ಲ ತಾನೇ?" ಕೂತ ಮೇಲೆ, "ನಾವು ಗಾಂಧಿ ಕ್ಲಾಸಿನವರು, ಇದೆಲ್ಲ ಎಲ್ಲಿತ್ತು" ಅಂದರು. ಈಗ ಸಂಜೆ ಕಾಫಿ ಅಲ್ಲೇ.

ಗುಜರಿಯ ನಡುವಿನ ಎರಡಕ್ಕೆ ಕಡಪಾ ಕಲ್ಲು ಹೊದಿಸಿ ಟೀಪಾಯಿ ಮಾಡಿದ್ದೇನೆ. ನಾಲ್ಕು ಎಡತುದಿಗಳು ನೀರಿನ ತೊಟ್ಟಿ ಪಕ್ಕ ಸುಮ್ನೆ ಬಿದ್ದಿವೆ. ಯಾರ ಹತ್ತಿರವಾದರೂ ಬಲತುದಿ ಇದ್ದರೆ ಹೇಳಿ.